ಪರಧ್ವನಿ

ಫಕೀರಪ್ಪ ಮುದೇನೂರ ಮಾಸ್ತರರಿಗೆ ಬೆನ್ನಿನಲ್ಲೂ ಒಂದು ಜೊತೆ ಕಿವಿ ಇವೆ ಎಂದು ಹಿರೇಕೊಪ್ಪದ ಶಾಲೆಯ ಮಕ್ಕಳು ನಂಬಿದ್ದರು. ಹಲಗೆಯ ಕಡೆ ಮುಖ ಮಾಡಿ ಬರೆಯುತ್ತಲೇ, ಹಿಂದಿನ ಸಾಲಿನಲ್ಲಿ ಯಾರು ಯಾರಿಗೆ ಉತ್ತರ ಪಿಸುಗುಟ್ಟಿದರು ಎಂಬುದನ್ನು ಅವರು ಹೆಸರು ಹಿಡಿದು ಹೇಳುತ್ತಿದ್ದರು. ಹೊಡೆಯುತ್ತಿರಲಿಲ್ಲ. "ಅವನ ಬಾಯಾಗಿಂದು ಯಾಕ ಕಸಗೋತೀಯೋ, ನಿನ್ನ ಬಾಯಾಗ ನಾಲಿಗಿ ಇಲ್ಲೇನು?" ಎಂದಷ್ಟೇ ಕೇಳಿ ಮತ್ತೆ ಹಲಗೆಯ ಕಡೆ ತಿರುಗುತ್ತಿದ್ದರು. ಸಿಕ್ಕಿಬಿದ್ದವನು ಆ ದಿನವೆಲ್ಲ ತಲೆ ಎತ್ತುತ್ತಿರಲಿಲ್ಲ.

ನಿವೃತ್ತರಾಗಿ ಹುಬ್ಬಳ್ಳಿಗೆ ಬಂದ ಮೇಲೆ ಆ ಕಿವಿಗಳಿಗೆ ಇನ್ನೊಂದು ನೌಕರಿ ಸಿಕ್ಕಿತು. ಮುಚ್ಚಿಹೋದ ಹತ್ತಿಗಿರಣಿಯೊಂದರಲ್ಲಿ ದೂರವಿದ್ಯಾಪೀಠದವರು ಪರೀಕ್ಷಾ ನಿಯಂತ್ರಣ ಕೊಠಡಿ ಮಾಡಿಕೊಂಡಿದ್ದರು. ಪಾಠ, ಪರೀಕ್ಷೆ, ಪದವಿ ಎಲ್ಲ ಪರದೆಯ ಮೇಲೇ ನಡೆಯುತ್ತಿದ್ದ ಕಾಲ ಅದು. ಪಾಠ ಹೇಳುವುದು ಯಂತ್ರ, ಕೇಳುವುದು ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಕೂತ ಮಕ್ಕಳು. ಹಾಗಾಗಿ ಕಳ್ಳತನವೂ ಮನೆಯ ಮೂಲೆಗೇ ಬಂದಿತ್ತು. ಅಕ್ಕಿಕಾಳಿನಷ್ಟು ಸಣ್ಣ ಯಂತ್ರವನ್ನು ಕಿವಿಯೊಳಗೆ ಅಡಗಿಸಿಕೊಂಡು, ಎಲ್ಲೋ ಕೂತವರು ಹೇಳಿದ್ದನ್ನು ಬರೆದು ಪಾಸಾದವರು ಇಂಜಿನಿಯರರಾದರು, ಕಂಪೌಂಡರರಾದರು. ಅವರು ಕಟ್ಟಿದ ಸೇತುವೆ, ಕೊಟ್ಟ ಸೂಜಿಮದ್ದು ಏನೇನು ಮಾಡಿದವು ಎಂಬುದು ಊರಿಗೆಲ್ಲ ಗೊತ್ತಿತ್ತು.

ಆಗ ಬಂದದ್ದು ಕೊರಳಪಟ್ಟಿ. ಮೊದಲು ಜಗಳಕ್ಕೆ ಬಿದ್ದಾಗ ಮಾತ್ರ ಜನ ಒಬ್ಬರೊಬ್ಬರ ಕೊರಳಪಟ್ಟಿ ಹಿಡಿಯುತ್ತಿದ್ದರು, ಈಗ ವಿದ್ಯಾಪೀಠವೂ ಹಿಡಿಯಿತು. ಮನಸ್ಸಿನಲ್ಲಿ ಮಾತಾಡಿಕೊಂಡರೂ ನಮ್ಮ ಗಂಟಲು ಸುಮ್ಮನಿರುವುದಿಲ್ಲ, ನಮಗೇ ಗೊತ್ತಾಗದಷ್ಟು ಮೆಲ್ಲಗೆ ಅಲುಗುತ್ತಿರುತ್ತದೆ. ಬೆರಳಗಲದ ಆ ಪಟ್ಟಿ ಈ ಅಲುಗಾಟವನ್ನು ಹಿಡಿದು ಮತ್ತೆ ಮಾತಾಗಿ ಮಾಡುತ್ತಿತ್ತು. ಇನ್ನೊಬ್ಬರು ಹೇಳಿಕೊಟ್ಟದ್ದನ್ನು ಬರೆಯುವಾಗ ಗಂಟಲು ಅವರ ಮಾತಿನ ನಡಿಗೆಯನ್ನೇ ಹಿಡಿಯುತ್ತದೆ. ಅವರು ಎಳೆದಲ್ಲಿ ಎಳೆಯುತ್ತದೆ, ನಿಂತಲ್ಲಿ ನಿಲ್ಲುತ್ತದೆ. ಆ ನಡಿಗೆಯಿಂದ ಹೇಳಿಕೊಟ್ಟವರು ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂದು ಅಂದಾಜು ಮಾಡಿ, ಹೆಚ್ಚುಕಡಿಮೆ ಅವರದೇ ಎನ್ನಬಹುದಾದ ಒಂದು ದನಿಯನ್ನು ಯಂತ್ರ ಕಟ್ಟಿಕೊಡುತ್ತಿತ್ತು. ವಿದ್ಯಾರ್ಥಿಯ ಸ್ವಂತ ನಡಿಗೆಗೆ ಅದು ತಾಳೆಯಾಗದಿದ್ದರೆ ಪರದೆಯ ಮೇಲೆ 'ಪರಧ್ವನಿ' ಎಂದು ಕೆಂಪಕ್ಷರ ಮೂಡುತ್ತಿತ್ತು.

ಪಟ್ಟಿಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದರು. ಪಾಠದ ವೇಳೆಯಲ್ಲಿ ಮಕ್ಕಳು ಮನಸ್ಸಿನಲ್ಲಿ ಬೈದುಕೊಂಡರೂ ಅದು ದಾಖಲಾಗಿ ನಡತೆಯ ಅಂಕ ಕಡಿಮೆಯಾಗುತ್ತಿತ್ತು. ಮೊದಲ ವಾರ ಅರ್ಧಕ್ಕರ್ಧ ಮಕ್ಕಳು ಅಗೌರವದ ಲೆಕ್ಕದಲ್ಲಿ ಸಿಕ್ಕಿಬಿದ್ದರು. ಆಮೇಲೆ ಜನ ದಾರಿ ಕಂಡುಕೊಂಡರು. ಗಂಟಲು ಮರಗಟ್ಟಿಸುವ ಗುಳಿಗೆ ಔಷಧದಂಗಡಿಯಲ್ಲಿ ಮಾರಾಟಕ್ಕೆ ಬಂತು, ಒಳಗೊಳಗೇ ಸೊನ್ನೆ ಸೊನ್ನೆ ಎಂದುಕೊಳ್ಳುವುದನ್ನು ಕಲಿಸಲು ಟ್ಯೂಶನ್ ಶುರುವಾಯಿತು. ತರಗತಿಗಳೇನೋ ಬಹಳ ಮರ್ಯಾದೆಯಿಂದ ನಡೆದವು. ಆದರೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. 'ಇದು ತಪ್ಪಿರಬೇಕಲ್ಲ' ಎಂದು ಅಂದುಕೊಂಡರೂ ಅಂಕ ಹೋಗುತ್ತಿದ್ದಾಗ ಕೇಳುವ ಉಸಾಬರಿ ಯಾರಿಗೆ ಬೇಕು!

ಒಂದೇ ಒಂದು ಕಡೆ ಕಾನೂನು ಅಡ್ಡ ಬಂದಿತ್ತು. ಯಂತ್ರದ ಮಾತೊಂದನ್ನೇ ನಂಬಿ ಯಾರನ್ನೂ ಹೊರಗೆ ಹಾಕುವಂತಿಲ್ಲ, ಒಬ್ಬ ಮನುಷ್ಯ ಕೇಳಿ ಹೌದೆನ್ನಬೇಕು. ಹಾಗೆ ಕೇಳುವವರಲ್ಲಿ ಫಕೀರಪ್ಪ ಮಾಸ್ತರು ಹಿರಿಯರು. ಅವರಿಗೆ ಆ ಕೆಲಸದ ಬಗ್ಗೆ ಹೆಮ್ಮೆಯಿತ್ತು. ಕಾಪಿ ಹೊಡೆದವನನ್ನು ಬಿಟ್ಟರೆ ಓದಿದವನ ಹೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಎಂದು ಅವರು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವರು. ಪ್ರತಿ ಪ್ರಕರಣಕ್ಕೂ ಮುನ್ನ ಪರದೆಯ ಮೇಲೆ 'ನನಗೆ ಈ ವಿದ್ಯಾರ್ಥಿಯ ಪರಿಚಯವಿಲ್ಲ' ಎಂಬ ಸಾಲು ಬರುತ್ತಿತ್ತು. ಅದಕ್ಕೆ ಹೆಬ್ಬೆರಳು ಒತ್ತಿದ ಮೇಲಷ್ಟೇ ದನಿ ಕೇಳುವುದು. ಹೆಸರು, ಊರು ಏನೂ ಇರುತ್ತಿರಲಿಲ್ಲ.

ಆ ಬೆಳಗ್ಗೆ ಬಂದ ಪ್ರಕರಣ ಸೂಲಗಿತ್ತಿ ದಾದಿಯರ ಕೋರ್ಸಿನದು. ಮಾಸ್ತರು ಹೆಬ್ಬೆರಳು ಒತ್ತಿ ಹೆಡ್‌ಫೋನ್ ಸರಿಮಾಡಿಕೊಂಡರು.

"ಹ್ಞಾಂ, ಈಗ ನೋಡು," ಎಂದಿತು ವಯಸ್ಸಾದ ಒಂದು ಗಂಡಸಿನ ದನಿ. "ಕೂಸು ಹುಟ್ಟಿತು, ಹಿಂದ ಮಾಸಿನ ಕಸಾನೂ ಬಿತ್ತು. ಕೆಲಸ ಮುಗೀತಂತ ಎದ್ದು ಹೋಗಬ್ಯಾಡ. ಹೊಟ್ಟಿ ಮ್ಯಾಲ ಕೈ ಇಡು. ಗರ್ಭಚೀಲ ಗಟ್ಟಿ ಆಗೇತೇನು? ಮೆತ್ತಗಿದ್ರ ರಕ್ತ ಹರೀತೈತಿ, ತಾಯಿ ಕೈಬಿಟ್ಟು ಹೋಗ್ತಾಳ. ಅದಕ್ಕ ಮ್ಯಾಲಿಂದ ತಿಕ್ಕಬೇಕು, ಗಟ್ಟಿ ಆಗೂತನಕ ಬಿಡಬಾರದು. ತಿಳೀತಿಲ್ಲೋ?"

ಒಂದು ಕ್ಷಣ ಬಿಟ್ಟು ಬೇರೆಯೇ ದನಿ, ಹುಡುಗಿಯದು: "ತಿಳೀತ್ರಿ ಸರ."

ಮಾಸ್ತರು ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವ ಅಗತ್ಯವೇ ಇರಲಿಲ್ಲ. ಉತ್ತರದುದ್ದಕ್ಕೂ ಹೀಗೆಯೇ. ಅವನು ಹೇಳುತ್ತಾನೆ, ತಿಳಿಯಿತೇ ಎಂದು ಕೇಳುತ್ತಾನೆ, ಇವಳು ವಿನಯದಿಂದ ತಿಳಿಯಿತು ಎನ್ನುತ್ತಾಳೆ, ಆಮೇಲೆ ಮುಂದಿನದು. ಇಷ್ಟು ರಾಜಾರೋಷವಾದ ಕಳ್ಳತನವನ್ನು ಅವರು ಕಂಡಿರಲಿಲ್ಲ. ಹೇಳಿಕೊಡುತ್ತಿದ್ದವನು ಮಾಸ್ತರಿಕೆ ಮಾಡಿದವನೇ ಎಂಬುದೂ ಗೊತ್ತಾಗುತ್ತಿತ್ತು. ಅವರ ಮೈ ಉರಿಯಿತು. ಉಣ್ಣಲು ಪಿಂಚಣಿ ಸಾಲದೆ ವಿದ್ಯೆಯನ್ನೇ ಮಾರಾಟಕ್ಕಿಟ್ಟಿದ್ದಾನೆ, ನಾಚಿಕೆಗೇಡಿ! ಅವರು 'ಪರಧ್ವನಿ ಖಚಿತ' ಎಂಬಲ್ಲಿ ಹೆಬ್ಬೆರಳನ್ನು ಸ್ವಲ್ಪ ಜೋರಾಗಿಯೇ ಒತ್ತಿದರು. ಅಲ್ಲಿಗೆ ಆ ಹುಡುಗಿ ಐದು ವರ್ಷ ಯಾವ ಪರೀಕ್ಷೆಗೂ ಕೂರುವಂತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗಲೂ ಸಿಟ್ಟು ಇಳಿದಿರಲಿಲ್ಲ. ಮನೆಯಲ್ಲಿ ಮಾತಾಡುವಂತೆಯೂ ಇರಲಿಲ್ಲ. ಮಹಡಿಯ ಮೇಲೆ ಬಾಡಿಗೆಗಿದ್ದವರ ಮಗಳು ಕೊರಳಪಟ್ಟಿ ಕಟ್ಟಿಕೊಂಡು ಪರೀಕ್ಷೆಗೆ ಕೂತಿದ್ದಳು. ಹೊರಗಿನ ಮಾತು ಕಿವಿಗೆ ಬಿದ್ದು ಗಂಟಲಿಗೆ ಹತ್ತಿಬಿಟ್ಟರೆ ಅನಾಹುತ ಎಂದು ಇಡೀ ಓಣಿ ಬಾಯಿಗೆ ಬೀಗ ಹಾಕಿಕೊಂಡಿತ್ತು. ಕುಕ್ಕರ್ ಸೀಟಿ ಹಾಕಬಾರದು, ಒಗ್ಗರಣೆ ಚಟಪಟ ಎನ್ನಬಾರದು. ಹೆಂಡತಿ ನೀಲವ್ವ ರೊಟ್ಟಿಯನ್ನು ಕೂಡ ಕೂಸಿನ ಬೆನ್ನು ತಟ್ಟಿದಂತೆ ಮೆಲ್ಲಗೆ ಬಡಿಯುತ್ತಿದ್ದರು. ಮೇಲಿನಿಂದ ಪರೀಕ್ಷೆ ಮುಗಿದ ಗಂಟೆ ಕೇಳಿದ್ದೇ ತಡ, ಓಣಿಯ ತುಂಬ ಒಮ್ಮೆಗೇ ಕೆಮ್ಮು, ಬೈಗುಳ, ಟಿ.ವಿ. ಎಲ್ಲ ಶುರುವಾದವು.

"ಏ, ಕೇಳಿಲ್ಲಿ," ಎಂದರು ಮಾಸ್ತರು. "ಇವತ್ತು ಒಬ್ಬ ಕಳ್ಳ ಮಾಸ್ತರನ್ನ ಹಿಡದೆ. ಹುಡುಗಿಗೆ ಪರೀಕ್ಷಿಯೊಳಗ ಪಾಠಾನಽ ಹೇಳಾಕತ್ತಿದ್ದ. ಅದೂ ಎಂಥಾ ಠೀವಿ ಅಂತಿ!" ಅವರು ಬೆನ್ನು ನೆಟ್ಟಗೆ ಮಾಡಿ ಆ ದನಿಯ ಅಣಕು ಮಾಡಿದರು. "ಹ್ಞಾಂ, ಈಗ ನೋಡು... ಹೊಟ್ಟಿ ಮ್ಯಾಲ ಕೈ ಇಡು... ತಿಳೀತಿಲ್ಲೋ?"

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಯಾಕ, ಏನಾತು?"

"ಅಯ್ಯ, ಅಣಕ ಮಾಡೂದು ಮಾಡ್ತೀರಿ, ಬ್ಯಾರೆಯವರದು ಮಾಡ್ರಿ. ಅದು ನಿಮ್ಮದಽ ಮಾತಲ್ಲೇನ್ರಿ?"

"ನಂದಲ್ಲ, ಅವಂದು."

"ಹೌದ್ರಿ, ಅವಂದು!" ನೀಲವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಕೈ ಸೊಂಟಕ್ಕಿಟ್ಟುಕೊಂಡರು. "ನಿನ್ನೆ ಗ್ಯಾಸಿನ ರೆಗ್ಯುಲೇಟರ ಹಚ್ಚೂದು ತೋರಸಾಕತ್ತಾಗ ಏನಂದ್ರಿ? ಹ್ಞಾಂ, ಈಗ ನೋಡು. ಒತ್ತು. ತಿರುವು. ತಿಳೀತಿಲ್ಲೋ? ಲಗ್ನಾಗಿ ನಲವತ್ತ ವರ್ಷಾತು, ನಾ ಏನ ಎಂಟನೇತ್ತಾ ಹುಡುಗಿನಽ ಏನು? ಇಡೀ ಹಿರೇಕೊಪ್ಪದ ಹುಡುಗರು ನಿಮ್ಮ ಬೆನ್ನ ಹಿಂದ ಹಿಂಗಽ ಅಣಕಸ್ತಿದ್ವು. ನಿಮಗೊಬ್ಬರಿಗೆ ಗೊತ್ತಿಲ್ಲ ನೋಡ್ರಿ."

ಮಾಸ್ತರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ತನ್ನ ದನಿಯೂ ಹಾಗೆಯೇ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಆ 'ಹ್ಞಾಂ'ಕಾರವನ್ನು ಇನ್ನೊಮ್ಮೆ ನೆನಪಿಸಿಕೊಂಡರು, 'ತಿಳೀತಿಲ್ಲೋ' ಎನ್ನುವ ಮುಂಚೆ ಒಂದು ಉಸಿರು ನಿಂತದ್ದನ್ನು ನೆನಪಿಸಿಕೊಂಡರು. ಆ ಉಸಿರು ನಿಂತದ್ದು ಏಕೆಂದರೆ, ಅಲ್ಲಿ ಅವರು ಯಾವಾಗಲೂ ಕೊನೆಯ ಸಾಲಿನ ಮಕ್ಕಳ ಮುಖ ನೋಡುತ್ತಿದ್ದರು.

"ಆದ್ರ ನಂಗ ಬಾಣಂತನದ್ದು ಏನ ಗೊತ್ತೈತಿ?" ಎಂದರು ಅವರು, ಹೆಂಡತಿಗೋ ತಮಗೋ. "ನಾ ಅದನ್ನ ಎಂದೂ ಯಾರಿಗೂ ಹೇಳಿಕೊಟ್ಟಿಲ್ಲಲ್ಲ." ಉಂಡ ಶಾಸ್ತ್ರ ಮುಗಿಸಿ, ಮಜ್ಜಿಗೆಯನ್ನೂ ಕುಡಿಯದೆ ಅವರು ಗಿರಣಿಗೆ ಹೊರಟರು.

ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ತೇಜಸ್ವಿನಿ ಹಂಪಿಹೊಳಿ. ಮಾಸ್ತರರ ಮಗಳ ವಯಸ್ಸು, ಆದರೆ ಆಕೆಯೆದುರು ಗಟ್ಟಿ ಮಾತಾಡಲು ಎಲ್ಲರೂ ಹಿಂಜರಿಯುತ್ತಿದ್ದರು. ಕದ್ದು ಪಾಸಾದ ಕಂಪೌಂಡರನೊಬ್ಬ ಕೊಟ್ಟ ಸೂಜಿಯಿಂದ ಆಕೆಯ ತಂದೆ ತೀರಿಕೊಂಡಿದ್ದರು. ಅದನ್ನು ಆಕೆ ಯಾರಿಗೂ ಹೇಳಿಕೊಂಡು ತಿರುಗುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಮಾಸ್ತರರ ಮಾತು ಕೇಳಿ ಆಕೆ ಅವರ ಮಾತಿನ ನಡಿಗೆಯನ್ನು ಆ ಗಂಡಸಿನ ದನಿಯ ನಡಿಗೆಯೊಂದಿಗೆ ಯಂತ್ರದಲ್ಲಿ ತಾಳೆ ನೋಡಿದಳು. ಎರಡೂ ಗೆರೆಗಳು ಒಂದರ ಮೇಲೊಂದು ಕೂತವು.

"ಮಾಸ್ತರ," ಎಂದಳು ಆಕೆ, "ಇದನ್ನ ನೀವು ನಂಗ ಹೇಳಬಾರದಿತ್ತು."

"ಯಾಕ್ರಿ ಮೇಡಂ? ಖರೇ ಹೇಳಬಾರದೇನು?"

"ಹೇಳಿದ ಮ್ಯಾಲ ನಾ ಸುಮ್ನ ಕುಂದ್ರಾಕ ಬರೂದಿಲ್ಲ. ಹೇಳಿಕೊಟ್ಟಾಂವ ಯಾರಂತ ಗೊತ್ತಿರಲಿಲ್ಲ, ಹುಡುಗಿ ಒಬ್ಬಾಕಿನಽ ಹೊರಗ ಹೋಗ್ತಿದ್ಲು. ಈಗ ಹೇಳಿಕೊಟ್ಟಾಂವ ನಮ್ಮ ಕೊಠಡಿಯೊಳಗಽ ಅದಾನ."

"ನಾ ಹೇಳಿಕೊಟ್ಟಿಲ್ರಿ. ಆಕಿ ಯಾರಂತನಽ ನನಗ ಗೊತ್ತಿಲ್ಲ. ನೆನಪಿರಬೇಕು. ಸಣ್ಣಾಕಿದ್ದಾಗ ನನ್ನ ಕಡೆ ಕಲತಿರಬೇಕು."

"ನೆನಪು ಅನ್ನೂದಕ್ಕ ಈ ಯಂತ್ರದಾಗ ಜಾಗಾ ಇಲ್ರಿ. ಸ್ವಧ್ವನಿ, ಪರಧ್ವನಿ, ಎರಡಽ ಅದಾವು." ತೇಜಸ್ವಿನಿ ಕಣ್ಣುಜ್ಜಿಕೊಂಡಳು. "ನೀವು ಸುಳ್ಳ ಹೇಳೂದಿಲ್ಲ ಅಂತ ನನಗ ಗೊತ್ತೈತಿ. ಆದ್ರ ನೆನಪು ಅಂದ್ರ ಬಿಡತೀನಿ ಅಂತ ಶುರು ಮಾಡಿದ್ರ, ನಾಳೆ ಎಲ್ಲಾ ಕಳ್ಳರಿಗೂ ಒಬ್ಬೊಬ್ಬ ಹಳೇ ಮಾಸ್ತರ ನೆನಪಾಗ್ತಾನ. ವಿಚಾರಣಿ ಇಡತೀನಿ. ಹುಡುಗಿನ್ನಽ ಕೇಳೂಣು."

ವಿಚಾರಣೆಯ ದಿನ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಸತ್ಯ ಹೇಳಿದವನು ಕೆಡುವುದಿಲ್ಲ ಎಂಬ ನಂಬಿಕೆ ಇನ್ನೂ ಅವರಲ್ಲಿತ್ತು, ಪಾಪ. ತೇಜಸ್ವಿನಿಯ ಜೊತೆ ಸಮಿತಿಯ ಇಬ್ಬರು ಪರದೆಯೆದುರು ಕೂತಿದ್ದರು. ಮಾಸ್ತರರಿಗೆ ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಪಕ್ಕದಲ್ಲಿ ಕುರ್ಚಿ ಹಾಕಿದ್ದರು.

ಪರದೆಯ ಮೇಲೆ ಮೂಡಿದ ಹುಡುಗಿ ತಲೆಯ ಮೇಲೆ ದುಪಟ್ಟಾ ಹೊದ್ದು, ಕೊರಳಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಹೆಸರು ಶಾಹಿನಾ ನದಾಫ. ತಾಲ್ಲೂಕಿನ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹೆರಿಗೆಯಾದ ಮೇಲೆ ನೆಲ ಒರೆಸುವುದು ಆಕೆಯ ಕೆಲಸ. ಕೋರ್ಸು ಮುಗಿದರೆ ಕೂಸನ್ನು ಕೈಗೆತ್ತಿಕೊಳ್ಳುವ ಕೆಲಸ ಕೊಡುತ್ತೇವೆ ಎಂದು ಆಸ್ಪತ್ರೆಯವರು ಒಪ್ಪಿದ್ದರು. ಹೆಸರು ಕೇಳಿದ ಕೂಡಲೇ ಮಾಸ್ತರರಿಗೆ ನೆನಪಾಯಿತು. ಗಾದಿ ಹೊಲಿಯುವ ನದಾಫ ಹುಸೇನಸಾಬನ ಮಗಳು. ಅಂಗಿಯ ಮೇಲೆ ಯಾವಾಗಲೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು, ತಿಳಿಯದಿದ್ದರೂ ತಿಳಿಯಿತು ಎನ್ನುತ್ತಿದ್ದಳು. ಅವಳ ಮುಖ ನೋಡಲೆಂದೇ ಅವರು ಉಸಿರು ನಿಲ್ಲಿಸುತ್ತಿದ್ದದ್ದು.

"ಪರೀಕ್ಷೆಯ ಹೊತ್ತಿನಲ್ಲಿ ನಿಮ್ಮ ಜೊತೆ ಯಾರು ಮಾತಾಡುತ್ತಿದ್ದರು?" ಎಂದು ಸಮಿತಿಯವರೊಬ್ಬರು ಕೇಳಿದರು.

"ಯಾರೂ ಇಲ್ರಿ. ನಾನಽ ಬರದೇನ್ರಿ."

ತೇಜಸ್ವಿನಿ ದನಿಯನ್ನು ಹಾಕಿದಳು. ಹ್ಞಾಂ, ಈಗ ನೋಡು. ಶಾಹಿನಾ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ಆಕೆಯ ಮುಖ ಅರಳಿತು. ಪಾಪದ ಹುಡುಗಿ, ತನ್ನ ವಿರುದ್ಧ ಹೂಡಿದ ಸಾಕ್ಷಿಯನ್ನು ಕೇಳಿ ನಗುತ್ತಿದ್ದಳು.

"ಯವ್ವಾ, ಇದು ನಮ್ಮ ಫಕೀರಪ್ಪ ಸರ ರೀ! ಹಿರೇಕೊಪ್ಪದಾಗ ಎಂಟನೇತ್ತಕ್ಕ ವಿಜ್ಞಾನ ಹೇಳತಿದ್ರು ನೋಡ್ರಿ. ಇದನ್ನ ಎಲ್ಲಿ ಹಿಡದ್ರಿ ನೀವು?"

"ಅವರು ನಿಮಗೆ ಉತ್ತರ ಹೇಳಿಕೊಟ್ಟರೇ?"

"ಅವರೆಲ್ಲಿ ಬರತಾರ್ರಿ ಇಲ್ಲಿಗೆ? ಅದು ಹಂಗಲ್ರಿ..." ಆಕೆ ಮಾತು ಹುಡುಕಿದಳು. "ಪರದೆ ಮ್ಯಾಲಿನ ಪಾಠ ನಂಗ ತಲಿಗೆ ಹತ್ತೂದಿಲ್ರಿ. ಅದು ಹೇಳಿಕೋತ ಹೋಗತೈತಿ, ನಿಂತು ಕೇಳೂದಿಲ್ಲ. ಅದಕ್ಕ ಓದೂಮುಂದ ನಮ್ಮ ಸರಽ ಹೇಳಾಕತ್ತಾರ ಅಂತ ತಿಳಕೋತೇನ್ರಿ. ಅವರು ತಿಳೀತಿಲ್ಲೋ ಅಂತಾರ. ತಿಳೀದಿದ್ರ ಇನ್ನೊಮ್ಮೆ ಹೇಳಸ್ತೇನಿ. ತಿಳದ ಮ್ಯಾಲಽ ತಿಳೀತ್ರಿ ಅಂತೇನಿ. ಸಣ್ಣಾಕಿದ್ದಾಗ ಸುಳ್ಳಽ ತಿಳೀತ್ರಿ ಅಂತಿದ್ನಿ. ಈಗ ಸುಳ್ಳ ಹೇಳಾಕ ಆಗೂದಿಲ್ರಿ, ಆಸ್ಪತ್ರಿ ಕೆಲಸ ಅದು."

ಫಕೀರಪ್ಪ ಮಾಸ್ತರು ತಡೆಯಲಾರದೆ ಎದ್ದು ಪರದೆಯೆದುರು ಬಂದರು. ಆಕೆ ಗಡಬಡಿಸಿ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುತ್ತಿದ್ದಂತೆಯೇ.

"ಸರ! ನೀವಽ ಏನ್ರಿ? ನಮಸ್ಕಾರ್ರಿ ಸರ."

"ಕುಂದ್ರು ಯವ್ವಾ, ಕುಂದ್ರು," ಎಂದರು ಮಾಸ್ತರು. ಸಮಿತಿಯ ಕಡೆ ತಿರುಗಿ ಹೇಳಿದರು: "ನೋಡ್ರಿ, ಈಕಿ ಉತ್ತರದಾಗಿಂದು ಒಂದಕ್ಷರ ನನಗ ಗೊತ್ತಿಲ್ಲ. ನನಗ ಗೊತ್ತಿರದ ಪಾಠಾ ನನ್ನ ಬಾಯಿಂದ ಹೇಳಿಸಿಕೊಂಡು ಕಲತಾಳ. ಕಲಿಯೂದು ಅಂದ್ರ ಇದಽ ಅಲ್ಲೇನ್ರಿ? ನನ್ನೊಳಗೂ ನನ್ನ ಮಾಸ್ತರು ಅದಾರ. ನಿಮ್ಮೊಳಗ ಯಾರೂ ಇಲ್ಲೇನು?"

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಕೆಟ್ಟವರೇನಲ್ಲ. ಮೈಕು ಮುಚ್ಚಿ ಬಹಳ ಹೊತ್ತು ಚರ್ಚಿಸಿದರು. ಕಳ್ಳತನ ನಡೆದಿಲ್ಲ ಎಂದು ಮೂವರೂ ಒಪ್ಪಿದರು. ಆದರೆ ಪಟ್ಟಿ ಮುಂದಿನ ಪರೀಕ್ಷೆಯಲ್ಲೂ ಕೆಂಪು ತೋರಿಸುತ್ತದೆ, ಅದರ ಮುಂದಿನದರಲ್ಲೂ ತೋರಿಸುತ್ತದೆ. ಕಾನೂನು ಎಲ್ಲರಿಗೂ ಒಂದೇ ಆಗಿರಬೇಕು. ಕೊನೆಗೆ ತೇಜಸ್ವಿನಿಯೇ ಒಂದು ದಾರಿ ಹುಡುಕಿದಳು. ಹೊರಗೆ ಹಾಕುವುದು ಬೇಡ, ಶಾಹಿನಾ ಆರು ತಿಂಗಳು 'ಸ್ವಧ್ವನಿ ಅಭ್ಯಾಸ' ಮಾಡಲಿ. ಅದಕ್ಕೆ ಬೇರೆ ಪಟ್ಟಿ ಇತ್ತು. ಓದುವಾಗ ಪರರ ನಡಿಗೆ ಗಂಟಲಿಗೆ ಬಂದ ಕೂಡಲೇ ಅದು ಇರುವೆ ಕಚ್ಚಿದಷ್ಟು ಚುರುಕ್ ಎನಿಸುತ್ತಿತ್ತು. ನೋವೇನಿಲ್ಲ. ದಿನ ಕಳೆದಂತೆ ಗಂಟಲು ಆ ನಡಿಗೆಯನ್ನು ತಾನೇ ಬಿಟ್ಟುಬಿಡುತ್ತದೆ. ಮಾತಿನ ಹೊಯ್ದಾಟ ನಿಂತು ಸಮವಾಗುತ್ತದೆ.

ಶಾಹಿನಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಸಮಿತಿಯನ್ನು ಬಿಟ್ಟು ಮಾಸ್ತರರನ್ನೇ ಕೇಳಿದಳು.

"ಹಂಗಂದ್ರ ನೀವು ಮತ್ತ ಬರೂದಿಲ್ಲೇನ್ರಿ ಸರ?"

ಮಾಸ್ತರು ಪರದೆಗೆ ಇನ್ನೊಂದು ಹೆಜ್ಜೆ ಹತ್ತಿರವಾದರು.

"ಒಪ್ಪಲೇನ್ರಿ ಸರ? ನೀವು ಹೂಂ ಅಂದ್ರ ಒಪ್ಪತೇನ್ರಿ."

ಬೇಡ ಎನ್ನಲು ಅವರಿಗೆ ಎಷ್ಟು ಮನಸ್ಸಾಯಿತೆಂದರೆ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಬೇಡ ಎಂದರೆ ಐದು ವರ್ಷ. ಐದು ವರ್ಷ ಈ ಹುಡುಗಿ ಅದೇ ನೆಲ ಒರೆಸಬೇಕು. ಆಕೆ ಅಷ್ಟೆಲ್ಲ ಓದಿಕೊಂಡದ್ದು ಬಾಗಿಲ ಆಚೆ ನಿಂತು ನೋಡುವುದಕ್ಕಾಗಬೇಕು. ಪರರ ಬಾಯಿಂದ ಕಸಿದುಕೊಳ್ಳಬೇಡಿರೆಂದು ಜೀವಮಾನವಿಡೀ ಹೇಳಿದವರು ಈಗ ತಾವೇ ಕೊಟ್ಟದ್ದನ್ನು ಮಗುವಿನ ಗಂಟಲಿನಿಂದ ತಾವೇ ಕಸಿಯಬೇಕಾಗಿತ್ತು.

"ಹೂಂ ಅನ್ನು ಯವ್ವಾ," ಎಂದರು. "ಹ್ಞಾಂ, ಈಗ ನೋಡು. ಸರ್ಟಿಫಿಕೇಟ ಕೈಗೆ ಬರೂದು ದೊಡ್ಡದು. ನಾ ಏನ ದೊಡ್ಡಾಂವ? ಬಿಟ್ಟಬಿಡು. ತಿಳೀತಿಲ್ಲೋ?"

ಪರದೆಯ ಮೇಲೆ ಹುಡುಗಿ ತಲೆಯ ದುಪಟ್ಟಾ ಸರಿಮಾಡಿಕೊಂಡಳು.

"ತಿಳೀತ್ರಿ ಸರ," ಎಂದಳು ಶಾಹಿನಾ. ಅದು ಸುಳ್ಳೆಂದು ಮಾಸ್ತರರಿಗೆ ಗೊತ್ತಾಯಿತು. ಎಂಟನೆಯ ತರಗತಿಯಲ್ಲಿ ಕಿಟಕಿಯ ಪಕ್ಕದಿಂದ ಬರುತ್ತಿದ್ದ ಅದೇ ಸುಳ್ಳು.

ಮಾಸ್ತರರ ನೌಕರಿ ಹೋಗಲಿಲ್ಲ. ಕೇಳುವ ಕಿವಿಗಳು ಕಡಿಮೆಯಿದ್ದವು, ತೇಜಸ್ವಿನಿ ಅವರ ಪರವಾಗಿ ಬರೆದುಕೊಟ್ಟಿದ್ದಳು. ಹಳೆಯ ವಿದ್ಯಾರ್ಥಿ ಎಂಬ ಅನುಮಾನ ಬಂದರೂ ಕೂಡಲೇ ತಿಳಿಸಬೇಕು, ಆ ಪ್ರಕರಣವನ್ನು ಮತ್ತೆ ತೆರೆಯಲಾಗುತ್ತದೆ ಎಂಬ ಷರತ್ತೊಂದು ಸೇರಿತು, ಅಷ್ಟೆ. ಅವರು ದಿನವೂ ಹೋಗಿ ಕೂತರು, ಕೇಳಿದರು, ಹೆಬ್ಬೆರಳು ಒತ್ತಿದರು. ಕದ್ದವರನ್ನು ಹಿಡಿದಾಗ ಮೊದಲಿನ ಹೆಮ್ಮೆ ಬರಲಿಲ್ಲ. ಪ್ರತಿ ಪರಧ್ವನಿಯಲ್ಲೂ ಇದು ಯಾರ ಅಜ್ಜಿಯೋ, ಯಾರ ಅಣ್ಣನೋ ಎಂದು ಹುಡುಕುವ ಚಟ ಹತ್ತಿಕೊಂಡಿತು. ಎಷ್ಟು ಜನರನ್ನು ತಾವು ಹೀಗೆಯೇ ಒತ್ತಿ ಹೊರಗೆ ಹಾಕಿದ್ದೇವೋ ಎಂಬ ಲೆಕ್ಕ ಅವರನ್ನು ಊಟದ ಮಧ್ಯೆ ಹಿಡಿದು ನಿಲ್ಲಿಸುತ್ತಿತ್ತು.

ಮನೆಯಲ್ಲಿ ಅವರ ಮಾತು ಕಡಿಮೆಯಾಯಿತು. ಒಂದು ದಿನ ನೀಲವ್ವ ಫೋನಿನಲ್ಲಿ ಹಣ ಕಳಿಸುವುದನ್ನು ತೋರಿಸಿರೆಂದು ಕೇಳಿದರು. ಮಾಸ್ತರು ತೋರಿಸಿದರು. ಇಲ್ಲಿ ಒತ್ತಬೇಕು, ಇಲ್ಲಿ ಬರೆಯಬೇಕು, ಆಯಿತು. ಫೋನು ಕೊಟ್ಟು ಎದ್ದುಬಿಟ್ಟರು. ನೀಲವ್ವ ಫೋನು ಹಿಡಿದುಕೊಂಡು ಕೂತೇ ಇದ್ದರು.

"ಯಾಕ್ರಿ," ಎಂದರು ಆಮೇಲೆ, "ತಿಳೀತಿಲ್ಲೋ ಅಂತ ಕೇಳಲಿಲ್ಲಲ್ಲ?"

"ನಿನಗದು ಸೇರೂದಿಲ್ಲಲ್ಲ."

"ಸೇರೂದಿಲ್ಲ ಅಂತ ಯಾವಾಗ ಅಂದ್ನಿ?" ನೀಲವ್ವನ ಕಣ್ಣಲ್ಲಿ ನೀರಾಡಿತು. "ನಲವತ್ತ ವರ್ಷ ಕೇಳಿದ್ದು. ಈಗ ಮನಿಯೊಳಗ ಯಾರೋ ಪರಸ್ಥಳದವರು ಬಂದು ಕುಂತಂಗ ಆಗತೈತ್ರಿ."

ಮಾಸ್ತರು ಮತ್ತೆ ಬಂದು ಆಕೆಯ ಪಕ್ಕ ಕೂತರು. ಆ ಮಾತು ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಆ ಹುಡುಗಿಯ ಕೊರಳಲ್ಲಿ ಚುರುಕ್ ಎನ್ನುವುದು ಅವರಿಗೆ ನೆನಪಾಗುತ್ತಿತ್ತು.

ಚಳಿಗಾಲದಲ್ಲಿ ಸೂಲಗಿತ್ತಿ ದಾದಿಯರ ಪರೀಕ್ಷೆ ಮತ್ತೆ ನಡೆಯಿತು. ಒಮ್ಮೆ ಕೆಂಪಕ್ಷರ ಬಿದ್ದವರ ಉತ್ತರವನ್ನು, ಯಂತ್ರ ಸರಿಯೆಂದರೂ, ಮನುಷ್ಯರು ಇನ್ನೊಮ್ಮೆ ಕೇಳಬೇಕೆಂಬ ನಿಯಮವಿತ್ತು. ಮಾಸ್ತರರ ಮುಂದೆ ಒಂದು ಪ್ರಕರಣ ಬಂತು. 'ನನಗೆ ಈ ವಿದ್ಯಾರ್ಥಿಯ ಪರಿಚಯವಿಲ್ಲ.' ಅವರು ಹೆಬ್ಬೆರಳು ಒತ್ತಿದರು. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ಹೆಂಗಸಿನ ದನಿ. ಏರಿಲ್ಲ, ಇಳಿವಿಲ್ಲ, ಎಲ್ಲಿಯೂ ನಿಲ್ಲುವುದಿಲ್ಲ. "ಹೆರಿಗೆಯ ನಂತರ ಗರ್ಭಾಶಯವು ಮೃದುವಾಗಿದ್ದಲ್ಲಿ ರಕ್ತಸ್ರಾವ ಸಂಭವಿಸುತ್ತದೆ. ಉದರದ ಮೇಲಿನಿಂದ ಗರ್ಭಾಶಯವನ್ನು ಅದು ಗಟ್ಟಿಯಾಗುವವರೆಗೆ ಮರ್ದನ ಮಾಡತಕ್ಕದ್ದು." ಉತ್ತರ ಸರಿಯಾಗಿತ್ತು. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು. ಮಾಸ್ತರು ಯಾರೋ ಎಂದುಕೊಂಡು ಕೇಳುತ್ತಿದ್ದರು.

ಆಗ ದನಿ ನಿಂತಿತು. ಗೆರೆ ಪರದೆಯ ಮೇಲೆ ಚಪ್ಪಟೆಯಾಗಿ ಸಾಗಿತು. ಒಬ್ಬರು ಉಸಿರು ನಿಲ್ಲಿಸಿ, ಕೊನೆಯ ಸಾಲಿನವರ ಮುಖ ನೋಡಿ, ಒಂದು ಮಾತು ಕೇಳುವಷ್ಟು ಹೊತ್ತು ಅದು ಹಾಗೇ ಸಾಗಿತು. ಗಂಟಲು ಅಲುಗಲಿಲ್ಲ. ಆಮೇಲೆ, ಬಹಳ ಮೆಲ್ಲಗೆ:

"ತಿಳೀತ್ರಿ ಸರ."

ಮಾಸ್ತರು ಹೆಡ್‌ಫೋನನ್ನು ಎರಡೂ ಕೈಗಳಿಂದ ಕಿವಿಗೆ ಒತ್ತಿಕೊಂಡರು. ಮುಂದಿನ ಉತ್ತರ, ಅದೇ ಸಪಾಟು ದನಿ, ಅದೇ ಖಾಲಿ, ಮತ್ತೆ ಅದೇ ಮಾತು. ತಿಳೀತಿಲ್ಲೋ ಎಂದು ಕೇಳುವವನನ್ನು ಆ ಚುರುಕ್ ಎನ್ನುವ ಪಟ್ಟಿ ಪೂರ್ತಿ ತೆಗೆದುಹಾಕಿತ್ತು. 'ತಿಳೀತ್ರಿ' ಎನ್ನುವುದು ಅವಳ ಸ್ವಂತ ನಡಿಗೆಯಾದ್ದರಿಂದ ಯಂತ್ರಕ್ಕೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಆ ಹುಡುಗಿ ಮರ್ಯಾದೆಯಿಂದ ಉತ್ತರಿಸುತ್ತಾ ಕೂತಿದ್ದಳು. ನಾಳೆ ಆಸ್ಪತ್ರೆಯಲ್ಲಿ, ರಕ್ತ ನಿಲ್ಲದೆ ಹರಿಯುವಾಗ, ನಿಜವಾಗಿ ತಿಳಿಯಿತೇ ಎಂದು ಅವಳನ್ನು ಯಾರು ನಿಲ್ಲಿಸಿ ಕೇಳುತ್ತಾರೆ ಎಂದು ನೆನೆದು ಮಾಸ್ತರು ಅದೇ ಉತ್ತರವನ್ನು ಇನ್ನೊಮ್ಮೆ ಹಾಕಿ ಕೇಳಿದರು.

ತೇಜಸ್ವಿನಿ ಹಿಂದೆ ಬಂದು ನಿಂತಿದ್ದಳು. "ಏನಾರ ಐತೇನ್ರಿ ಮಾಸ್ತರ? ಭಾಳ ಹೊತ್ತು ಕೇಳಾಕತ್ತೀರಿ."

ಗೊತ್ತು ಎಂದರೆ ಪ್ರಕರಣ ಮತ್ತೆ ತೆರೆಯುತ್ತದೆ. ಮತ್ತೆ ವಿಚಾರಣೆ, ಮತ್ತೆ ಪಟ್ಟಿ, ಈ ಸಲ ಆ 'ತಿಳೀತ್ರಿ'ಯನ್ನೂ ಕಿತ್ತುಕೊಳ್ಳುತ್ತಾರೆ.

"ಏನಿಲ್ರಿ," ಎಂದರು ಫಕೀರಪ್ಪ ಮಾಸ್ತರು. "ಒಬ್ಬಾಕಿನಽ ಅದಾಳ."

"ಗುರುತಿನಾಕಿ ಏನ್ರಿ?"

ಬೆನ್ನಿಗೂ ಕಿವಿಯುಳ್ಳ ಮಾಸ್ತರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗುರುತಿಲ್ರಿ," ಎಂದರು. 'ಸ್ವಧ್ವನಿ ಖಚಿತ' ಎಂಬಲ್ಲಿ ಹೆಬ್ಬೆರಳು ಒತ್ತಿ, ಮುಂದಿನ ಪ್ರಕರಣವನ್ನು ತೆರೆದರು.